ತಿರುಗುಬಾಣವಾದ ಬೈಗುಳ

ಒಳ್ಳೆಯದಾಗಲೆಂದು ಮಾಡಿದ ಕೆಲಸವೇ ಕೆಟ್ಟದ್ದಕ್ಕೆ ಕಾರಣವಾದ ಅನುಭವ ನಿಮಗೂ ಆಗಿರಬಹುದು. ಅದಕ್ಕೆ ಇಂಗ್ಲಿಷ್‌ನಲ್ಲಿ ಒಂದು ಪದವಿದೆ. ಅದರ ಅರ್ಥವನ್ನು ನಾನು ಕಲಿತದ್ದು ನನ್ನ ಮಗಳಿಂದ.

ಏಳನೇ ತರಗತಿಯಲ್ಲಿರುವ ಅವಳು ಒಂದು ಸಂಜೆ ಪುಸ್ತಕ ಹಿಡಿದುಕೊಂಡು ಅಡುಗೆ ಮನೆಗೆ ಬಂದಳು. "ಉಮ್ಮಾ, ಕೌಂಟರ್‌ಪ್ರೊಡಕ್ಟಿವ್ ಅಂದರೆ ಏನು?" ಎಂದು ಕೇಳಿದಳು. ನನ್ನ ಗಮನವೆಲ್ಲಾ ಒಲೆಯ ಮೇಲಿನ ಸಾರಿನ ಕಡೆಗಿತ್ತು. "ವ್ಯರ್ಥ ಅಂತ ಬರಿ" ಎಂದುಬಿಟ್ಟೆ.

ಮರುದಿನ ಟೀಚರ್ ಆ ಉತ್ತರಕ್ಕೆ ಕೆಂಪು ಗೆರೆ ಎಳೆದಿದ್ದರು. ನಿಘಂಟು ತೆರೆದಾಗ ನನ್ನ ತಪ್ಪು ತಿಳಿಯಿತು. 'ಕೌಂಟರ್' ಎಂದರೆ ವಿರುದ್ಧ, 'ಪ್ರೊಡಕ್ಟಿವ್' ಎಂದರೆ ಫಲ ಕೊಡುವಂಥದ್ದು. ಅಂದರೆ, ನಾವು ಬಯಸಿದ್ದಕ್ಕೆ ವಿರುದ್ಧವಾದ ಫಲ ಕೊಡುವ ಪ್ರಯತ್ನ. ವ್ಯರ್ಥ ಪ್ರಯತ್ನದಿಂದ ನಾವು ಇದ್ದಲ್ಲೇ ಇರುತ್ತೇವೆ. ಇದರಿಂದ ಇದ್ದ ಸ್ಥಿತಿಯೂ ಹದಗೆಡುತ್ತದೆ. ಬೆಂಕಿ ಹತ್ತಿದ ಎಣ್ಣೆಯ ಬಾಣಲೆಗೆ ನೀರು ಸುರಿದು ನೋಡುವವರುಂಟೇ? ಆರಿಸಲು ಹೋದರೆ ಬೆಂಕಿ ಮತ್ತಷ್ಟು ಮೇಲೇಳುತ್ತದೆ. ಈ ಪದವನ್ನು ಸಾಮಾನ್ಯವಾಗಿ ಮನುಷ್ಯರಿಗಲ್ಲ, ಅವರ ಕ್ರಮ, ನೀತಿ, ನಡವಳಿಕೆಗಳಿಗೆ ಬಳಸುತ್ತಾರೆ.

ಮಗಳಿಗೆ ಅರ್ಥವಾಗಲೆಂದು ನಿಜವಾಗಿ ನಡೆದ ಒಂದು ಸಂಗತಿಯನ್ನು ಹೇಳಿದೆ. 1958ರಲ್ಲಿ ಚೀನಾ ಸರಕಾರವು ಗುಬ್ಬಚ್ಚಿಗಳು ಧಾನ್ಯ ತಿನ್ನುತ್ತವೆಂದು ಅವುಗಳನ್ನು ನಾಶ ಮಾಡಲು ಜನರಿಗೆ ಕರೆ ನೀಡಿತು. ಜನರು ಪಾತ್ರೆ, ತಟ್ಟೆ ಬಡಿದು ಹಕ್ಕಿಗಳು ಎಲ್ಲಿಯೂ ಕೂರದಂತೆ ಓಡಿಸಿದರು. ಹಾರಿ ಹಾರಿ ದಣಿದು ಅವು ಸತ್ತು ಬಿದ್ದವು. ಆದರೆ ಗುಬ್ಬಚ್ಚಿಗಳು ಕೀಟಗಳನ್ನೂ ತಿನ್ನುತ್ತಿದ್ದವು. ಅವು ಇಲ್ಲವಾದಾಗ ಕೀಟಗಳು ಹೆಚ್ಚಿ, ಉಳಿಸಬೇಕೆಂದಿದ್ದ ಬೆಳೆಗೇ ಹಾನಿಯಾಯಿತು. 1960ರಲ್ಲಿ ಗುಬ್ಬಚ್ಚಿಯನ್ನು ಪಟ್ಟಿಯಿಂದ ತೆಗೆದು ಅದರ ಜಾಗಕ್ಕೆ ತಿಗಣೆಯನ್ನು ಸೇರಿಸಿದರು.

ಕಥೆ ಹೇಳಿದ ನನಗೆ ಬುದ್ಧಿ ಬಂದದ್ದು ಅದಾಗಿ ಒಂದು ವಾರದ ನಂತರ. ಮಗಳ ಬಟ್ಟೆಗಳನ್ನು ಜೋಡಿಸುತ್ತಿದ್ದಾಗ ಕಪಾಟಿನ ಅಡಿಯಲ್ಲಿ ಮೂರು ಗಣಿತದ ಉತ್ತರ ಪತ್ರಿಕೆಗಳು ಸಿಕ್ಕವು. ಒಂದರಲ್ಲಿ 25ಕ್ಕೆ 9 ಅಂಕ. "ಯಾಕೆ ಅಡಗಿಸಿಟ್ಟೆ?" ಎಂದು ಕೇಳಿದೆ. ತಲೆ ತಗ್ಗಿಸಿ, "ತೋರಿಸಿದರೆ ಬೈಗುಳ ಸಿಗ್ತದಲ್ಲ" ಎಂದಳು.

ಹೌದು, ಅಂಕ ಕಡಿಮೆಯಾದಾಗಲೆಲ್ಲಾ ಗಂಟೆಗಟ್ಟಲೆ ಬೈಯುತ್ತಿದ್ದೆ. ನನ್ನ ಅಣ್ಣನ ಮಗಳೊಂದಿಗೆ ಹೋಲಿಸುತ್ತಿದ್ದೆ. ಇನ್ನಷ್ಟು ಓದಲಿ ಎಂಬುದೇ ನನ್ನ ಉದ್ದೇಶವಾಗಿತ್ತು. ಅವಳು ಕಲಿತದ್ದು ಮಾತ್ರ ಅಡಗಿಸುವುದನ್ನು!

ಅಂದು ರಾತ್ರಿ ಇಬ್ಬರೂ ಪತ್ರಿಕೆಗಳನ್ನು ಹರಡಿಕೊಂಡು ಕೂತೆವು. ಮೂರರಲ್ಲೂ ಭಿನ್ನರಾಶಿಯಲ್ಲೇ ಎಡವಿದ್ದಳು. ಮೊದಲನೆಯದನ್ನೇ ತೋರಿಸಿದ್ದರೆ ಅಂದೇ ತಿದ್ದಿಕೊಳ್ಳಬಹುದಿತ್ತು. ತೋರಿಸುವ ಧೈರ್ಯವನ್ನು ಕಸಿದುಕೊಂಡವಳು ನಾನೇ.

ಈಗ ಅಂಕಗಳು ಒಮ್ಮೆಲೇ ಏರಿವೆ ಎಂದು ಹೇಳಲಾರೆ. ಮೊನ್ನೆ ಬಂದದ್ದು 25ಕ್ಕೆ 12. ಆದರೆ ಶಾಲೆಯಿಂದ ಬಂದವಳೇ ಪತ್ರಿಕೆಯನ್ನು ನನ್ನ ಕೈಗಿತ್ತಳು. ನಾಲಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡು, "ಬಾ, ಎಲ್ಲಿ ತಪ್ಪಾಗಿದೆ ನೋಡೋಣ" ಎಂದೆ.

ನೀವೂ ಮಕ್ಕಳ ಒಳಿತಿಗೆಂದೇ ಬೈಯುತ್ತಿರಬಹುದು. ಆ ಬೈಗುಳದ ನಂತರ ಮಗು ನಿಮ್ಮ ಬಳಿಗೆ ಬರುತ್ತದೆಯೋ, ನಿಮ್ಮಿಂದ ದೂರ ಸರಿಯುತ್ತದೆಯೋ? ಇವತ್ತೇ ಒಮ್ಮೆ ಗಮನಿಸಿ ನೋಡಿ.