ನೋಡುವುದೂ ನೋಡಿಕೊಳ್ಳುವುದೂ

ಇಂಗ್ಲಿಷಿನಲ್ಲಿ ‘ಲುಕ್’ ಎಂದರೆ ನೋಡು. ‘ಆಫ್ಟರ್’ ಎಂದರೆ ಹಿಂದೆ ಅಥವಾ ತರುವಾಯ. ಇವೆರಡನ್ನೂ ಬಲ್ಲ ಹುಡುಗನು ‘ಲುಕ್ ಆಫ್ಟರ್’ ಎಂಬುದನ್ನು ಕಂಡೊಡನೆ ‘ಹಿಂದೆ ನೋಡು’ ಎಂದು ಬರೆಯುವನು. ಮೂವತ್ತು ವರ್ಷಗಳ ಉಪಾಧ್ಯಾಯ ವೃತ್ತಿಯಲ್ಲಿ ಈ ಉತ್ತರವನ್ನು ನಾವು ಎಷ್ಟು ಸಲ ತಿದ್ದಿದೆವೋ ಲೆಕ್ಕವಿಲ್ಲ. ‘ಲುಕ್ ಫಾರ್’ ಎಂದರೆ ಹುಡುಕು. ‘ಲುಕ್ ಇಂಟು’ ಎಂದರೆ ವಿಚಾರಿಸು. ‘ಲುಕ್ ಡೌನ್ ಅಪಾನ್’ ಎಂದರೆ ಹೀನವಾಗಿ ಕಾಣು. ‘ಲುಕ್ ಆಫ್ಟರ್’ ಎಂದರೆ ನೋಡಿಕೊ, ಪೋಷಿಸು. ಕ್ರಿಯಾಪದವು ಒಂದೇ, ಅರ್ಥವನ್ನು ನಿರ್ಣಯಿಸುವುದು ಅದರ ಬೆನ್ನಿಗಿರುವ ಕಿರುಪದ.

ಸಂಸ್ಕೃತವನ್ನೋದಿದವರಿಗೆ ಇದು ಹೊಸತಲ್ಲ. ನೋಟವನ್ನು ಹೇಳುವ ‘ಈಕ್ಷ್’ ಧಾತುವಿಗೆ ಬೇರೆ ಬೇರೆ ಉಪಸರ್ಗಗಳು ಸೇರಿ ಪರೀಕ್ಷೆ, ನಿರೀಕ್ಷೆ, ಅಪೇಕ್ಷೆ, ಉಪೇಕ್ಷೆ ಎಂಬ ಶಬ್ದಗಳಾಗುವುವು. ಅಲ್ಲಿ ಬಾಲಕ್ಕೆ ಬಂದುದು ಇಲ್ಲಿ ತಲೆಗೆ ಬಂದಿದೆ; ಇಷ್ಟೇ ಭೇದ. ನಮ್ಮ ಕನ್ನಡವಾದರೋ ‘ಕೊಳ್ಳು’ ಎಂಬ ಸಹಾಯಕ್ರಿಯೆಯಿಂದಲೇ ಈ ಕಾರ್ಯವನ್ನು ಸಾಧಿಸುವುದು. ಕಂಡ ಕಷ್ಟವನ್ನು ತನ್ನದೆಂದು ತೆಗೆದುಕೊಂಡರೆ ನೋಡುವುದು ನೋಡಿಕೊಳ್ಳುವುದಾಗುತ್ತದೆ.

ನಮ್ಮ ಮನೆಯಲ್ಲಿ ಎಂಬತ್ತು ದಾಟಿದ ಸೋದರತ್ತೆಯವರಿದ್ದಾರೆ. ಅವರಿಗೆ ಅಕ್ಷರಾಭ್ಯಾಸವಿಲ್ಲ. ಎರಡು ವರ್ಷಗಳಿಂದ ಹಾಸಿಗೆ ಹಿಡಿದಿರುವರು. ದೂರದ ಊರುಗಳಲ್ಲಿರುವ ಮಕ್ಕಳು ತಿಂಗಳು ತಪ್ಪದೆ ಹಣ ಕಳುಹುವರು. ಹಬ್ಬಕ್ಕೆ ಹಣ್ಣು ಹಿಡಿದು ಬರುವರು. ಕಳೆದ ಯುಗಾದಿಯಲ್ಲಿ ಅವರೆಲ್ಲ ಹೊರಟುಹೋದ ಮೇಲೆ ಅತ್ತೆಯವರು ಮೆಲ್ಲನೆ, “ನೋಡೋದಕ್ಕೆ ಎಲ್ಲರೂ ಬರ್ತಾರಪ್ಪ, ನೋಡಿಕೊಳ್ಳೋದಕ್ಕೆ ನಿನ್ನ ಹೆಂಡತಿ ಒಬ್ಬಳೇ” ಎಂದರು. ನಾವು ಕರಿಹಲಗೆಯ ಮುಂದೆ ನಿಂತು ವಿವರಿಸುತ್ತಿದ್ದ ಭೇದವು ಆ ಒಂದು ಮಾತಿನಲ್ಲಿ ಅಡಗಿತ್ತು. ರಾತ್ರಿ ಎರಡು ಸಲವೆದ್ದು ಅವರ ಮಗ್ಗುಲು ತಿರುಗಿಸಿ, ಬಾಯಿಗೆ ನೀರು ಬಿಡುತ್ತಿದ್ದವರು ನಮ್ಮ ಮನೆಯವರೇ.

ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು ೨೦೦೭ರಲ್ಲಿ ನಮ್ಮ ದೇಶದಲ್ಲಿ ಒಂದು ಶಾಸನವಾಯಿತು. ಮಕ್ಕಳಿಂದ ತಿಂಗಳಿಗೆ ೧೦,೦೦೦ ರೂಪಾಯಿಗಳನ್ನು ಮೀರದಷ್ಟು ಜೀವನಾಂಶವನ್ನು ಕೊಡಿಸಲು ಅದು ಅವಕಾಶವಿತ್ತಿತು. ಇದು ಒಳ್ಳೆಯದೇ. ಆದರೆ ನಡುರಾತ್ರಿಯ ಎಚ್ಚರವನ್ನು ಯಾವ ನ್ಯಾಯಾಸನವು ಕೊಡಿಸೀತು?

ದೂರವಿರುವವರನ್ನು ಮಾತ್ರ ದೂರಿ ಫಲವಿಲ್ಲ. ‘ಉಪ’ ಎಂದರೆ ಹತ್ತಿರ. ಆದರೂ ಉಪೇಕ್ಷೆ ಎಂದರೆ ಅಲಕ್ಷ್ಯವೇ. ಒಂದೇ ಸೂರಿನ ಕೆಳಗಿದ್ದ ಮಾತ್ರಕ್ಕೆ ನೋಡಿಕೊಂಡಂತಾಗದೆಂದು ವ್ಯಾಕರಣವೇ ಗೃಹಸ್ಥರನ್ನು ಎಚ್ಚರಿಸುವಂತಿದೆ. ನೋಡಿಕೊಳ್ಳುವವರನ್ನೂ ನೋಡಿಕೊಳ್ಳುವವರು ಬೇಕಲ್ಲವೆ? ರಾತ್ರಿಯ ಒಂದು ಜಾವವು ಈಗ ನಮ್ಮ ಪಾಲಿನದು.