ಟಿಪ್ಪು, ಲೈನ್ ಮನೆ ಮತ್ತು ನನ್ನ ಹಳೇ ಭಾಷಣ

ನವೆಂಬರ್ 10 ಬಂತು ಅಂದ್ರೆ ಟಿಪ್ಪು ಬಗ್ಗೆ ಮಾತಾಡೋಕೆ ನನ್ನನ್ನ ಕರೀತಾರೆ. 2015ರಲ್ಲಿ ಸರ್ಕಾರ ಜಯಂತಿ ಶುರು ಮಾಡಿದಾಗ ಮಾತಾಡಿದ್ದೆ. 2019ರಲ್ಲಿ ಇನ್ನೊಂದು ಸರ್ಕಾರ ಅದನ್ನ ನಿಲ್ಲಿಸಿದಾಗಲೂ ಮಾತಾಡಿದ್ದೆ. "ನಮ್ಮವರಿಗೆ ಭೂಮಿ ಕೊಟ್ಟ ದೊರೆ" ಅನ್ನೋ ಸಾಲಿಗೆ ಚಪ್ಪಾಳೆ ಗ್ಯಾರಂಟಿ.

ಹೋದ ವಾರ ಒಂದು ಶಿಬಿರದಲ್ಲಿ ಕೊಡಗಿನ ಹುಡುಗಿಯೊಬ್ಬಳು ಎದ್ದು ನಿಂತಳು. ಕಾಫಿ ತೋಟದ ಲೈನ್ ಮನೇಲಿ ಬೆಳೆದ ನಮ್ಮ ಹುಡುಗಿ.

"ಅಣ್ಣಾ, ಕೊಡಗಿಂದ ಅಷ್ಟು ಜನರನ್ನ ಹಿಡ್ಕೊಂಡು ಹೋಗಿದ್ದು ನೀವ್ಯಾಕೆ ಹೇಳಲ್ಲ? ಭೂಮಿ ಕೊಟ್ಟ ಅಂತೀರಲ್ಲ, ಯಾವ ಊರಲ್ಲಿ? ಎಷ್ಟು ಎಕರೆ?"

ನನ್ನ ಹತ್ರ ಉತ್ತರ ಇರಲಿಲ್ಲ. ಯಾರೋ ಹೇಳಿದ್ದನ್ನೇ ಇಷ್ಟು ವರ್ಷ ಹೇಳ್ಕೊಂಡು ಬಂದಿದ್ದೆ. ದಾಖಲೆ ಒಂದನ್ನೂ ನೋಡಿರಲಿಲ್ಲ.

ಗೊತ್ತಿರೋದನ್ನ ಹೇಳ್ತೀನಿ. 1791ರಲ್ಲಿ ಶೃಂಗೇರಿ ಮಠವನ್ನ ಲೂಟಿ ಮಾಡಿದ್ದು ಮರಾಠಾ ಸೈನ್ಯ. ನೆರವು ಕಳಿಸಿದ್ದು ಟಿಪ್ಪು. ಅವನ ಪತ್ರಗಳು ಮಠದಲ್ಲೇ ಸಿಕ್ಕಿವೆ. 1784ರಲ್ಲಿ ಮಂಗಳೂರು ಕಡೆಯ ಕ್ರೈಸ್ತರನ್ನ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದೂ ಇದೇ ಟಿಪ್ಪು. ಕೊಡವರ ಸೆರೆಯೂ ಸುಳ್ಳಲ್ಲ. 1799ರ ಮೇ 4ರಂದು ಕಂಪನಿಗೆ ತಲೆಬಾಗದೆ ಹೋರಾಡಿ ಸತ್ತದ್ದೂ ನಿಜ. ಆ ದಿನ ಕೋಟೆಗೆ ಮುತ್ತಿದ ಕಂಪನಿಯ ಮದ್ರಾಸ್ ಸೈನ್ಯದಲ್ಲಿ ನಮ್ಮಂಥದೇ ಜನ, ಪರೈಯರು ಇದ್ದರು. ರಾಜರ ಯುದ್ಧದಲ್ಲಿ ನಮ್ಮ ಪಕ್ಷ ಯಾವುದು ಅಂತ ಅಷ್ಟು ಸುಲಭಕ್ಕೆ ಹೇಳೋಕಾಗಲ್ಲ.

ಆ ಹುಡುಗಿ ಕೂರೋ ಮುಂಚೆ ಇನ್ನೊಂದು ಮಾತು ಹೇಳಿದ್ಲು: "ಟಿಪ್ಪು ಕ್ರೂರಿ ಅಂತ ಮೆರವಣಿಗೆ ಹೋಗೋ ನಮ್ಮ ಧಣಿ, ಅಜ್ಜಿ ಹೆಣ ಹೂಳೋಕೆ ಜಾಗ ಕೊಡಲಿಲ್ಲ ಅಣ್ಣಾ."

ಇಡೀ ಶಿಬಿರ ಸುಮ್ಮನಾಯ್ತು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಅಂತ ಎಚ್ಚರಿಸಿದ್ರು. ಅದನ್ನ ಬೇರೆಯವರ ಭಕ್ತಿಗೆ ಮಾತ್ರ ಅನ್ವಯಿಸ್ತಿದ್ದೆ ನಾನು. ಟಿಪ್ಪುವನ್ನ ಬೈದು ಇವತ್ತಿನ ಮುಸ್ಲಿಮರನ್ನ ಹೊಡೆಯೋರ ಎದುರು ನಿಲ್ಲೋಕೆ ಟಿಪ್ಪು ಸಂತ ಆಗಬೇಕಿಲ್ಲ. ಇನ್ನೂರು ವರ್ಷದ ಹಿಂದಿನ ಸುಲ್ತಾನ ಮಾಡಿದ್ದಕ್ಕೆ ನನ್ನ ಪಕ್ಕದ ಮನೆ ಹುಡುಗ ಲೆಕ್ಕ ಕೊಡಬೇಕಿಲ್ಲ, ಅಷ್ಟೇ. ಇದನ್ನ ಹೇಳೋಕೆ ಸುಳ್ಳು ಯಾಕೆ ಬೇಕಿತ್ತು ನನಗೆ?

ಭೂಮಿಯ ಆ ಸಾಲನ್ನ ಭಾಷಣದಿಂದ ತೆಗೆದಿದ್ದೀನಿ. ದಾಖಲೆ ಇದ್ದೋರು ತೋರಿಸಿ, ಖುಷಿಯಿಂದ ವಾಪಸ್ ಸೇರಿಸ್ತೀನಿ. ಅಲ್ಲಿವರೆಗೆ ಆ ಜಾಗದಲ್ಲಿ ಲೈನ್ ಮನೆಗಳ ಹಕ್ಕುಪತ್ರದ ಬಗ್ಗೆ, ಸ್ಮಶಾನದ ಜಾಗದ ಬಗ್ಗೆ ಮಾತಾಡ್ತೀನಿ. ಚಪ್ಪಾಳೆ ಕಮ್ಮಿಯಾದ್ರೂ ಪರವಾಗಿಲ್ಲ.

ಜೈ ಭೀಮ್.