ಅಘನಾಶಿನಿಯ ಅಳಿವೆ: ಬೆಲೆ ಮತ್ತು ಮೌಲ್ಯ

ಶಿರಸಿ ಪಟ್ಟಣದ ಶಂಕರಹೊಂಡದ ಬಳಿ ಹುಟ್ಟುವ ಅಘನಾಶಿನಿ ನದಿಯು ಸಹ್ಯಾದ್ರಿಯ ದಟ್ಟವಾದ ಅಡವಿಗಳ ನಡುವೆ ಹರಿದು, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಸುಮಾರು 120 ಕಿಲೋಮೀಟರ್‌ಗಳ ಈ ಪಯಣದಲ್ಲಿ ದೊಡ್ಡ ಅಣೆಕಟ್ಟಿನ ತಡೆ ಎಲ್ಲಿಯೂ ಇಲ್ಲ. ಪಾಪವನ್ನು ನಾಶಮಾಡುವವಳು ಎಂಬುದು ಆ ಹೆಸರಿನ ಅರ್ಥ. ಕುಮಟಾದಿಂದ ಮಿರ್ಜಾನಿನ ಮಾರ್ಗವಾಗಿ ಗೋಕರ್ಣಕ್ಕೆ ಹೋಗುವ ಯಾತ್ರಿಕರು ಹೆದ್ದಾರಿಯ ಸೇತುವೆಯ ಮೇಲಿಂದ ಈ ನದಿಯನ್ನು ಕ್ಷಣಕಾಲ ಕಂಡು ಮುಂದೆ ಸಾಗುತ್ತಾರೆ. ಆದರೆ ಅದರ ನಿಜವಾದ ಸಿರಿಯನ್ನು ಕಾಣಬೇಕಾದರೆ ಅಳಿವೆಯ ದಡದಲ್ಲಿ ಒಂದು ದಿನವಾದರೂ ನಿಲ್ಲಬೇಕು.

ಉತ್ತರದ ದಡದಲ್ಲಿ ತದಡಿ, ದಕ್ಷಿಣದ ದಡದಲ್ಲಿ ಅಘನಾಶಿನಿ ಗ್ರಾಮ. ನಡುವೆ ನದಿಯೂ ಕಡಲೂ ಕೂಡುವ ವಿಶಾಲ ಜಲರಾಶಿ. ದಿನಕ್ಕೆ ಎರಡು ಬಾರಿ ಕಡಲು ಒಳನುಗ್ಗುತ್ತದೆ, ಎರಡು ಬಾರಿ ಹಿಂದೆ ಸರಿಯುತ್ತದೆ. ಇಳಿತದ ವೇಳೆಗೆ ಮರಳದಿಬ್ಬಗಳೂ ಕೆಸರುಬಯಲುಗಳೂ ಮೇಲೇಳುತ್ತವೆ. ಆಗ ಬುಟ್ಟಿ ಹಿಡಿದ ಹೆಂಗಸರು ನೀರಿಗಿಳಿದು, ಕೈಯಿಂದ ತಡವಿ ತಡವಿ ಬಳಚು ಎಂಬ ಚಿಪ್ಪುಜೀವಿಗಳನ್ನು ಆಯ್ದುಕೊಳ್ಳುತ್ತಾರೆ. ದಡದುದ್ದಕ್ಕೂ ಕಾಂಡ್ಲಾ ಮರಗಳು ಬೇರುಗಳನ್ನು ಕೆಸರಿನಲ್ಲಿ ಹೂಡಿ ನಿಂತಿವೆ. ಆ ಬೇರುಗಳ ಮರೆಯಲ್ಲಿ ಮೀನು, ಸೀಗಡಿಗಳ ಮರಿಗಳು ಬೆಳೆಯುತ್ತವೆ. ಬೆಳೆದ ಮೇಲೆ ಅವುಗಳಲ್ಲಿ ಎಷ್ಟೋ ಕಡಲಿಗೆ ಹೋಗುತ್ತವೆ.

ಸ್ವಲ್ಪ ಒಳಗೆ ಹೋದರೆ ಗಜನಿ ಭೂಮಿ. ಕಟ್ಟೆಗಳನ್ನು ಹಾಕಿ, ತೂಬಿನ ಬಾಗಿಲುಗಳಿಂದ ಉಪ್ಪುನೀರನ್ನು ನಿಯಂತ್ರಿಸಿ, ಮಳೆಗಾಲದಲ್ಲಿ ಇಲ್ಲಿ ಕಗ್ಗ ಎಂಬ ಭತ್ತವನ್ನು ಬೆಳೆಯುತ್ತಾರೆ. ಉಪ್ಪನ್ನೂ ಸಹಿಸುವ, ಕೆಲವು ದಿನ ನೀರಿನಲ್ಲಿ ಮುಳುಗಿದರೂ ಉಳಿಯುವ ಅಪರೂಪದ ತಳಿಯಿದು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಮೀನು, ಸೀಗಡಿ ಹಿಡಿಯುತ್ತಾರೆ. ಕೊಳೆತ ಕೂಳೆ ಅವುಗಳಿಗೆ ಆಹಾರವಾಗುತ್ತದೆ. ಗೋಕರ್ಣದ ಸಮೀಪದ ಸಾಣಿಕಟ್ಟಾದಲ್ಲಿ ಇದೇ ಅಳಿವೆಯ ನೀರು ಬೇಸಿಗೆಯ ಬಿಸಿಲಿಗೆ ಉಪ್ಪಾಗುತ್ತದೆ. ಒಂದೇ ನೀರು, ಅಕ್ಕಿ, ಮೀನು, ಉಪ್ಪು ಮೂರನ್ನೂ ಕೊಡುವ ನೆಲವಿದು.

ಇಂಥ ಭೂಮಿಯನ್ನು ಪಾಳು ಎಂದೂ ಜವುಗು ಎಂದೂ ಕರೆದು ಕಡೆಗಣಿಸುವ ರೂಢಿ ಬಹುಕಾಲದಿಂದ ನಡೆದುಬಂದಿದೆ. 2000ದ ದಶಕದಲ್ಲಿ ತದಡಿಯಲ್ಲಿ 4,000 ಮೆಗಾವಾಟ್ ಸಾಮರ್ಥ್ಯದ, ಕಲ್ಲಿದ್ದಲಿನ ಬೃಹತ್ ವಿದ್ಯುತ್ ಸ್ಥಾವರವನ್ನು ಸ್ಥಾಪಿಸುವ ಪ್ರಸ್ತಾಪ ಬಂದಿತು. ನಾಡಿಗೆ ವಿದ್ಯುತ್ತು ಬೇಡವೆಂದು ಯಾರೂ ಹೇಳಲಾರರು. ಆದರೆ ಸ್ಥಾವರದಿಂದ ಬರುವ ಲಾಭಕ್ಕೆ ಅಂಕಿಗಳಿದ್ದವು. ಅಳಿವೆಯಿಂದ ಹೋಗುವ ನಷ್ಟವನ್ನು ಯಾರೂ ಎಣಿಸಿರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಬರೆಯದ ಸಂಪತ್ತು ಸೊನ್ನೆಯೆಂದೇ ಪರಿಗಣಿತವಾಗುತ್ತದೆ. ಸ್ಥಳೀಯರ ತೀವ್ರ ವಿರೋಧದಿಂದ ಆ ಯೋಜನೆ ಮುಂದುವರಿಯಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಕೊರತೆಯನ್ನು ತುಂಬುವ ಕೆಲಸಕ್ಕೆ ತೊಡಗಿದರು. ಅವರ ಅಧ್ಯಯನದ ಪ್ರಕಾರ ಅಳಿವೆಯಿಂದ ವರ್ಷಕ್ಕೆ ದೊರೆಯುತ್ತಿದ್ದ ಚಿಪ್ಪುಜೀವಿಗಳು ಸುಮಾರು 22,000 ಟನ್. ಅವುಗಳ ಬೆಲೆ ಸುಮಾರು 5.78 ಕೋಟಿ ರೂಪಾಯಿ. ಆ ಕೆಲಸವನ್ನು ನೇರವಾಗಿ ನೆಚ್ಚಿದವರು ಸುಮಾರು 2,300 ಮಂದಿ. ನಮ್ಮ ಮನೆಗಳಲ್ಲಿ ಬಳಸದ ಆಹಾರವಾದರೂ ಕರಾವಳಿಯ ಅಸಂಖ್ಯ ಬಡಮನೆಗಳ ಅನ್ನದ ತಟ್ಟೆಗೆ ಇದೇ ಪುಷ್ಟಿ. ಭಾಗಿಸಿ ನೋಡಿದರೆ ಕಿಲೋ ಒಂದಕ್ಕೆ ಮೂರು ರೂಪಾಯಿಯೂ ಬೀಳದು. ಬೆಲೆ ಕಡಿಮೆಯೆಂದರೆ ಪ್ರಯೋಜನ ಕಡಿಮೆಯೆಂದಲ್ಲ. ಕೊಳ್ಳುವವರು ಬಡವರಾದುದರಿಂದಲೂ ಬೆಲೆ ಕಡಿಮೆಯಾಗಿರುತ್ತದೆ. ಈ ಸೂಕ್ಷ್ಮವನ್ನು ಅರಿಯದೆ ಬರೀ ಮೊತ್ತವನ್ನು ನೋಡುವವರು ಮೋಸಹೋಗುತ್ತಾರೆ.

ಜೌಗುಪ್ರದೇಶಗಳ ಮೌಲ್ಯವನ್ನು ತಜ್ಞರು ಹಲವು ಬಗೆಯಲ್ಲಿ ಅಳೆಯುತ್ತಾರೆ. ಭತ್ತ, ಮೀನು, ಉಪ್ಪುಗಳಿಗೆ ಪೇಟೆಯ ಧಾರಣೆಯಿದೆ. ಕಾಂಡ್ಲಾ ಮರಗಳು ಅಲೆಗಳ ಹೊಡೆತದಿಂದ ದಡವನ್ನು ಕಾಯುವುದಕ್ಕೆ ಧಾರಣೆಯಿಲ್ಲ. ಅವು ಇಲ್ಲವಾದರೆ ಕಲ್ಲಿನ ತಡೆಗೋಡೆ ಕಟ್ಟಲು ತಗಲುವ ವೆಚ್ಚವನ್ನೇ ಅವುಗಳ ಬೆಲೆಯೆಂದು ಹಿಡಿಯುತ್ತಾರೆ. ಮುಂದಿನ ಪೀಳಿಗೆಗಾಗಿ ಇದು ಉಳಿಯಲೆಂದು ಜನ ಎಷ್ಟು ಕೊಡಲು ಸಿದ್ಧರೆಂದು ಕೇಳಿಯೂ ಲೆಕ್ಕ ಹಾಕುವುದುಂಟು. 1997ರಲ್ಲಿ ರಾಬರ್ಟ್ ಕೋಸ್ಟಾಂಜಾ ಮತ್ತು ಸಂಗಡಿಗರು ಇಡೀ ಭೂಮಿಯ ನಿಸರ್ಗಸೇವೆಗಳಿಗೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಬೆಲೆ ಕಟ್ಟಿದಾಗ ಜಗತ್ತು ಬೆರಗಾಯಿತು. ಆದರೆ ಈ ಲೆಕ್ಕದಲ್ಲಿ ಎಚ್ಚರ ಬೇಕು. ಮರಿಗಳನ್ನು ಸಾಕುವ ಕಾಂಡ್ಲಾಕ್ಕೆ ಒಮ್ಮೆ, ಅದೇ ಮರಿಗಳು ಬೆಳೆದು ಬಲೆಗೆ ಬಿದ್ದಾಗ ಮತ್ತೊಮ್ಮೆ ಬೆಲೆ ಕಟ್ಟಿದರೆ ಮೊತ್ತ ಉಬ್ಬುತ್ತದೆ. ಉಬ್ಬಿದ ಲೆಕ್ಕ ಒಮ್ಮೆ ಬಯಲಾದರೆ ನಿಜವಾದ ಲೆಕ್ಕವನ್ನೂ ಯಾರೂ ನಂಬುವುದಿಲ್ಲ.

ಮೊತ್ತಕ್ಕಿಂತ ಮುಖ್ಯವಾದುದು ಮತ್ತೊಂದಿದೆ: ಆ ಹಣ ಯಾರ ಕೈ ಸೇರುತ್ತದೆ? ಕಾರ್ಖಾನೆಯ ಲಾಭ ಕೆಲವರಿಗೆ. ಅಳಿವೆಯ ಫಲ ಬಂಡವಾಳವಿಲ್ಲದೆ ಬುಟ್ಟಿಯೊಂದಿಗೆ ನೀರಿಗಿಳಿವ ಹೆಣ್ಣುಮಗಳಿಗೂ ಉಂಟು. ನೆಲ ಕಳೆದುಕೊಂಡವರಿಗೆ ಪರಿಹಾರ ದೊರೆಯಬಹುದು. ನೆಲವೇ ಇಲ್ಲದೆ ನೀರನ್ನು ನಂಬಿದ ಆಕೆಗೆ ಯಾವ ಪಹಣಿಪತ್ರಿಕೆಯ ಆಧಾರವಿದೆ? ಬೆಲೆ ಕಟ್ಟುವ ವಿದ್ಯೆ ಸಾರ್ಥಕವಾಗುವುದು ಆಕೆಯ ಹೆಸರು ಲೆಕ್ಕದೊಳಗೆ ಬಂದಾಗ ಮಾತ್ರ.

2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆಗೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಜೊತೆಯಲ್ಲಿಯೇ ಗದಗ ಜಿಲ್ಲೆಯ ಮಾಗಡಿ ಕೆರೆಗೂ, ವಿಜಯನಗರ ಜಿಲ್ಲೆಯ ಅಂಕಸಮುದ್ರಕ್ಕೂ ಆ ಗೌರವ ಸಂದಿತು. ಮನ್ನಣೆಯಿಂದ ಕಾವಲು ತಾನಾಗಿ ಬರುವುದಿಲ್ಲ. ಮಿತಿಮೀರಿ ಮರಳನ್ನೂ ಚಿಪ್ಪನ್ನೂ ತೆಗೆದರೆ ಅಳಿವೆ ಬರಿದಾಗುವುದರಲ್ಲಿ ಸಂದೇಹವಿಲ್ಲ.

ಓದುಗ ಬಂಧುಗಳು ಗೋಕರ್ಣಕ್ಕೆ ಹೋದಾಗ ತದಡಿಗೂ ಹೋಗಿಬರಬೇಕು. ಇಳಿತದ ಹೊತ್ತಿಗೆ ಹೋದರೆ ಉತ್ತಮ. ಊರಿಗೆ ಮರಳಿದ ಮೇಲೆ ತಮ್ಮೂರ ಕೆರೆಯ ಅಂಗಳವನ್ನೂ ಅದೇ ಕಣ್ಣಿನಿಂದ ನೋಡಬೇಕು. ಬಾವಿಗಳಿಗೆ ಒರತೆ, ದನಗಳಿಗೆ ನೀರು, ಹೊಲಕ್ಕೆ ಹೂಳು ಅಲ್ಲಿಂದಲೇ ಬಂದವು. ಕೆರೆಯನ್ನು ಮುಚ್ಚಿ ನಿವೇಶನ ಮಾಡೋಣವೆಂದು ಯಾರಾದರೂ ಹೊರಟರೆ, ನಿವೇಶನದ ದರದ ಪಕ್ಕದಲ್ಲಿ ಇವುಗಳ ಲೆಕ್ಕವನ್ನೂ ಬರೆಯಿರಿ ಎಂದು ಗ್ರಾಮಸಭೆಯಲ್ಲಿ ಕೇಳುವ ಧೈರ್ಯ ನಮಗಿರಬೇಕು.